ಮನೆತುಂಬ ಮಕ್ಕಳ ಲೆಕ್ಕ ಬದಲಾದದ್ದು ಹೇಗೆ?

ನಮ್ಮಲ್ಲಿ ಹಲವರ ಅಜ್ಜಿಯರಿಗೆ ಎಂಟೊಂಬತ್ತು ಮಕ್ಕಳು, ಅಮ್ಮಂದಿರಿಗೆ ಮೂರ್ನಾಲ್ಕು, ನಮಗೆ ಒಂದೋ ಎರಡೋ. ಇದು ಪರದೇಶ ಸೇರಿದವರ ಕಥೆ ಮಾತ್ರವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 1992-93ರಲ್ಲಿ ಸುಮಾರು 2.9; 2019-21ರಲ್ಲಿ 1.7. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಲು ಸುಮಾರು 2.1 ಬೇಕು.

ಎಲ್ಲ ಕೆಂಪು ತ್ರಿಕೋನದ ಮಹಿಮೆ ಎನ್ನೋಣವೇ? ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು. ಆಮೇಲೂ ದಶಕಗಳ ಕಾಲ ಮನೆಮನೆಯಲ್ಲಿ ತೊಟ್ಟಿಲು ತೂಗುತ್ತಲೇ ಇತ್ತು. ಸೌಲಭ್ಯವಿದ್ದರೆ ಸಾಲದು, ಜನರಿಗೆ ಬೇಕೆನಿಸಬೇಕು.

ಬೇಕೆನಿಸಿದ್ದು ಹೇಗೆಂದು ಹುಡುಕಿದವರು ಆಸ್ಟ್ರೇಲಿಯಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಹಾಗೂ ಬೆಂಗಳೂರಿನ ಪಿ.ಎಚ್. ರೆಡ್ಡಿ. ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆ ತಿರುಗಿ ಅವರು ಕಂಡದ್ದು ಇಷ್ಟು: ದನ ಕಾಯುವ, ಕಳೆ ಕೀಳುವ ಮಗು ಮನೆಗೆ ಆದಾಯ, ಶಾಲೆಗೆ ಹೋಗುವ ಮಗು ಖರ್ಚು. ಬಟ್ಟೆ, ಪುಸ್ತಕ, ಫೀಸು ಒಂದು ಕಡೆ, ಹೊಲದಲ್ಲಿ ಕಡಿಮೆಯಾದ ಎರಡು ಕೈ ಇನ್ನೊಂದು ಕಡೆ. 1980-83ರ ಬರಗಾಲ ಈ ಪಾಠವನ್ನು ಗಟ್ಟಿ ಮಾಡಿತು. ಮಳೆ ಕೈಕೊಟ್ಟಾಗ ಪಟ್ಟಣದಲ್ಲಿ ಸಂಬಳ ತರುವ ಒಬ್ಬನಿದ್ದ ಮನೆ ತಡೆದುಕೊಂಡಿತು. ಹತ್ತು ಮಕ್ಕಳಿಗಿಂತ ಓದಿದ ಒಬ್ಬ ಮಗ ಮೇಲು ಎಂಬ ಲೆಕ್ಕ ಆಗ ಹಳ್ಳಿಗರಿಗೆ ಹೊಳೆಯಿತು. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರುಗಳಿಗಿಂತ ಅವರೇ ಚೆನ್ನಾಗಿ ಕೂಡಿ ಕಳೆದರು ಎನ್ನಬೇಕು. ಹುಟ್ಟಿಸಿದ ದೇವರು ಹುಲ್ಲು ಮೇಯಿಸಿಯಾನು, ಕಾಲೇಜಿನ ಫೀಸು ಕಟ್ಟುತ್ತಾನೆಯೇ?

ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರಿತು, ಹುಟ್ಟಿದ ಕೂಸು ಬದುಕುವ ಭರವಸೆಯೂ ಹೆಚ್ಚಿತು. ಆದರೆ 'ಆಪರೇಷನ್'? ಅದು ಇಂದಿಗೂ ಹೆಚ್ಚುಕಡಿಮೆ ಹೆಂಗಸರ ಪಾಲಿಗೇ. ಗಂಡಸರು ಮಾಡಿಸಿಕೊಳ್ಳುವುದು ನೂರಕ್ಕೆ ಒಬ್ಬರೂ ಇಲ್ಲ. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಜಾಣ ಮಾತು ಈ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಜನಸಂಖ್ಯೆ ಇನ್ನೂ ಏಕೆ ಏರುತ್ತಿದೆ ಎಂದು ಕೇಳುವವರಿದ್ದಾರೆ. ಹಿಂದೆ ಹೆಚ್ಚು ಸಂಖ್ಯೆಯಲ್ಲಿ ಹುಟ್ಟಿದವರು ಈಗ ತಾಯಿ ತಂದೆಯರಾಗುವ ವಯಸ್ಸಿನಲ್ಲಿದ್ದಾರೆ. ತಲೆಗೆ ಒಂದೆರಡೇ ಮಕ್ಕಳಾದರೂ ತಲೆಗಳೇ ಜಾಸ್ತಿ. ಈ ಏರಿಕೆ ನಿಲ್ಲುವ ಮೊದಲೇ ಮುಪ್ಪು ಎದುರಾಗುತ್ತಿದೆ: 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಅರವತ್ತು ತಲುಪಿದವರು.

ಬರಗಾಲಕ್ಕೆಂದು ಓದಿಸಿದ ಆ ಒಬ್ಬ ಮಗ, ಒಬ್ಬ ಮಗಳು ಈಗ ನಾವೇ. ಸಂಬಳವೇನೋ ಊರಿಗೆ ಹೋಗುತ್ತಿದೆ. ಅಪ್ಪನ ಕಣ್ಣಿನ ಪೊರೆ ತೆಗೆಸುವ ದಿನ ಆಸ್ಪತ್ರೆಯಲ್ಲಿ ಜೊತೆಗೆ ಕೂರಲು ಅಜ್ಜಿಗಿದ್ದಂತೆ ಎಂಟು ಜನ ಇಲ್ಲ.