ಹೊಗಳಿಕೆ ಬೇರೆ, ಪರಿಚಯ ಬೇರೆ

ಕರ್ಣಪರ್ವದಲ್ಲಿ ಒಂದು ಪ್ರಸಂಗವಿದೆ. ಅಣ್ಣ ಧರ್ಮರಾಯನನ್ನು ನಿಂದಿಸಿದ ಅರ್ಜುನ ಪಶ್ಚಾತ್ತಾಪದಿಂದ ಪ್ರಾಣ ಬಿಡಲು ಹೊರಡುತ್ತಾನೆ. ಶ್ರೀಕೃಷ್ಣ ಅವನನ್ನು ತಡೆದು, ನಿನ್ನನ್ನು ನೀನೇ ಹೊಗಳಿಕೋ, ಅದು ಸಾವಿಗೆ ಸಮ ಎನ್ನುತ್ತಾನೆ. ಇದನ್ನು ನಾವು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇವೆ. ಹೀಗಿರುವಾಗ, ನಮ್ಮಲ್ಲಿ ಓದಿ ಹೋದ ಹುಡುಗನೊಬ್ಬ ಬಂದು, "ಸಾರ್, ಧಾರಾವಾಹಿಯಲ್ಲಿ ಪಾತ್ರ ಕೇಳಬೇಕು, ಈ ಹಾಳೆ ತಿದ್ದಿಕೊಡಿ" ಎಂದಾಗ ನಮಗೆ ಇಕ್ಕಟ್ಟಾಯಿತು. ಹಾಳೆಯಲ್ಲಿ 'ಅದ್ಭುತ ನಟ' ಎಂದು ಮೂರು ಕಡೆ ಇತ್ತು. ವಯಸ್ಸು, ಎತ್ತರ, ಬಲ್ಲ ಭಾಷೆ ಒಂದೂ ಇರಲಿಲ್ಲ.

ಹಿಂದಿನ ನಟರಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಂಥಲ್ಲಿ ಚಿಕ್ಕಂದಿನಲ್ಲೇ ಸೇರಿ ಬಾಲಪಾತ್ರದಿಂದ ಮೇಲೇರುತ್ತಿದ್ದರು. ಗಾಡಿ, ವಾದ್ಯ, ಕರಪತ್ರ ಎಲ್ಲ ಕಂಪನಿಯ ಹೊಣೆ. ಇಂದು ಪಾತ್ರ ಹಂಚುವವರು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇರುವ ಅಪರಿಚಿತರು. ಅವರಿಗೆ ನಮ್ಮ ಹುಡುಗನ ಗುಣಗಾನ ಬೇಡ, ಅವನು ಯಾವ ಪಾತ್ರಕ್ಕೆ ಹೊಂದುತ್ತಾನೆಂದು ತಿಳಿದರೆ ಸಾಕು. ಹಗಲು ಬೆಳಕಿನಲ್ಲಿ ತೆಗೆದ, ಬಣ್ಣ ಬಳಿಯದ ಎರಡು ಫೋಟೋ: ಒಂದು ಎದುರಿನಿಂದ, ಒಂದು ಪಕ್ಕದಿಂದ. ಮೊಬೈಲಿನಲ್ಲಿ ಹಿಡಿದ ಒಂದು ನಿಮಿಷದ ಮಾತು. ಆಡಿದ ನಾಟಕಗಳ ಹೆಸರು. ಮುಖವನ್ನು ಬೆಳ್ಳಗೆ ಮಾಡಿ ಕಳಿಸಿದರೆ ಎದುರು ನಿಂತಾಗ ಗುಟ್ಟು ರಟ್ಟಾಗುತ್ತದೆ.

ಭಾಷೆಯ ವಿಷಯ ಮರೆಯಬಾರದು. ಕನ್ನಡ, ತಮಿಳು, ತೆಲುಗು ಮೂರನ್ನೂ ಬೀದಿಯಲ್ಲೇ ಕಲಿಯುವ ಹೊಸೂರಿನ ಮಕ್ಕಳು ಅದನ್ನು ಬರೆಯುವುದೇ ಇಲ್ಲ! ನಮ್ಮ ಕೃಷ್ಣಗಿರಿ ಜಿಲ್ಲೆಯ ನಾಚಿಕುಪ್ಪ ರಜನೀಕಾಂತರ ಪೂರ್ವಿಕರ ಊರು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದು, ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದ ಅವರು 1973ರಲ್ಲಿ ಮದರಾಸಿನ ಚಲನಚಿತ್ರ ತರಬೇತಿ ಶಾಲೆಗೆ ಸೇರಿದರು. ಅಲ್ಲಿ ಅವರನ್ನು ಕಂಡ ನಿರ್ದೇಶಕ ಕೆ. ಬಾಲಚಂದರ್ ತಮಿಳು ಕಲಿಯಲು ಹೇಳಿದರು. ಅವರು ಕಲಿತರು. 1975ರಲ್ಲಿ 'ಅಪೂರ್ವ ರಾಗಂಗಳ್' ತೆರೆಗೆ ಬಂತು, ಮರುವರ್ಷ ಪುಟ್ಟಣ್ಣ ಕಣಗಾಲರ 'ಕಥಾಸಂಗಮ'. ನೋಡುವವರು ಬರುವ ಜಾಗದಲ್ಲಿ ಇರುವುದೂ ಒಂದು ಪ್ರಚಾರವೇ. ಕನ್ನಡದಲ್ಲಿ ಕಲಿಯಬಯಸುವವರಿಗೆ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ನೀಡುತ್ತಿದೆ.

ಈಗ ತಂದೆತಾಯಂದಿರಿಗೆ ಎರಡು ಮಾತು. ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡುವಾಗ ಪಾತ್ರಧಾರಿಯೇ ಹಣ ಕೊಡುವ ವಾಡಿಕೆಯುಂಟು. ಕೃಷ್ಣನಿಗೊಂದು ದರ, ಶಕುನಿಗೊಂದು ದರ. ಅದು ಹವ್ಯಾಸ, ಊರಿನ ಸಂತೋಷ. ಈ ಅಭ್ಯಾಸವೇ ನಮ್ಮವರನ್ನು ಮೋಸಕ್ಕೆ ಈಡುಮಾಡುತ್ತಿದೆ. ಮೇಲೆ ಹೇಳಿದ ಹುಡುಗ, ಪಾತ್ರ ಕೊಡಿಸುವೆನೆಂದ ಒಬ್ಬನಿಗೆ ಅಮ್ಮನ ಚೀಟಿ ಹಣ ಕೊಟ್ಟು ಕಳೆದುಕೊಂಡಿದ್ದ. ತರಬೇತಿಗೆ ಶುಲ್ಕವಿರಬಹುದು, ಕೆಲಸ ಕೊಡುವವನು ಸಂಬಳ ಕೊಡಬೇಕೇ ಹೊರತು ಕೇಳಬಾರದು. ಹದಿನಾಲ್ಕು ತುಂಬದ ಮಕ್ಕಳನ್ನು ಚಿತ್ರೀಕರಣಕ್ಕೆ ಕರೆದರೆ, ಜಿಲ್ಲಾಧಿಕಾರಿಗಳ ಅನುಮತಿ ಪಡೆದಿದ್ದಾರೆಯೇ ಎಂದು ಕೇಳಿರಿ. 2017ರ ನಿಯಮಗಳಂತೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇಕಡ 20 ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು.

ಹುಡುಗನ ಹಾಳೆಯನ್ನು ನಾವಿಬ್ಬರೂ ಕೂತು ಮತ್ತೆ ಬರೆದೆವು. 'ಅದ್ಭುತ' ಹೋಯಿತು. ಮೂರು ಭಾಷೆ, ಎರಡು ಜಾತ್ರೆಗಳಲ್ಲಿ ಆಡಿದ ವಿದುರನ ಪಾತ್ರ, ಸೈಕಲ್ ಮತ್ತು ಟ್ರಾಕ್ಟರ್ ಓಡಿಸಬಲ್ಲನೆಂಬುದು ಬಂದವು. ಟ್ರಾಕ್ಟರ್ ಯಾಕೆ ಸಾರ್ ಎಂದು ನಕ್ಕ. ರೈತನ ಪಾತ್ರಕ್ಕೆ ಮೊದಲು ಅದನ್ನೇ ಕೇಳಿಯಾರು ಎಂದೆವು. ನಾಲ್ಕು ಕಡೆ ಕಳಿಸಿದ್ದಾನೆ, ಉತ್ತರ ಇನ್ನೂ ಬಂದಿಲ್ಲ.