ಡಾರ್ವಿನ್ ದಿನದ ಸಹಭೋಜನ

ಜೀವವಿಕಾಸ ಸಿದ್ಧಾಂತ ಮಂಡಿಸಿದ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1809ರ ಫೆಬ್ರುವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದ್ದರಿಂದ, ಪ್ರತಿವರ್ಷ ಆ ದಿನದ ಆಸುಪಾಸಿನಲ್ಲಿ ಹಲವು ದೇಶಗಳ ಗ್ರಂಥಾಲಯ, ವಸ್ತುಸಂಗ್ರಹಾಲಯ, ವಿಶ್ವವಿದ್ಯಾಲಯಗಳು ಸಾರ್ವಜನಿಕರಿಗಾಗಿ ಉಪನ್ಯಾಸ, ಚರ್ಚೆಗಳನ್ನು ಏರ್ಪಡಿಸಿ ‘ಡಾರ್ವಿನ್ ದಿನ’ವನ್ನು ಆಚರಿಸುತ್ತವೆ. 1909ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ನಡೆಸಿದ ಜನ್ಮಶತಮಾನೋತ್ಸವವು ಬಹುಮಟ್ಟಿಗೆ ವಿದ್ವಾಂಸರ ಸಭೆಯಾಗಿತ್ತು. ಇಂದಿನ ಆಚರಣೆಗಳ ಸೊಗಸು ಇರುವುದು ವಿಜ್ಞಾನವನ್ನು ಅಡುಗೆಮನೆಯವರೆಗೂ ಎಳೆದು ತರುವುದರಲ್ಲಿ. ಕೆಲವೆಡೆ ನಡೆಯುವ ‘ಫೈಲಮ್ ಔತಣ’ದಲ್ಲಿ, ಅಂದರೆ ಜೀವಿಗಳನ್ನು ದೇಹವಿನ್ಯಾಸ ಹಾಗೂ ವಂಶಸಂಬಂಧದ ಆಧಾರದ ಮೇಲೆ ವಿಂಗಡಿಸುವ ದೊಡ್ಡ ವಿಭಾಗಗಳ ಹೆಸರಿನ ಸಹಭೋಜನದಲ್ಲಿ, ಬಂದವರು ಸಾಧ್ಯವಾದಷ್ಟು ಭಿನ್ನ ವಿಭಾಗಗಳ ಜೀವಿಗಳಿಂದಾದ ತಿನಿಸುಗಳನ್ನು ತಂದು ಹಂಚಿಕೊಳ್ಳುತ್ತಾರೆ. ಆಗ ತಟ್ಟೆಯಲ್ಲೇ ಅಚ್ಚರಿಯ ನಂಟುಗಳು ಕಾಣುತ್ತವೆ: ಸೀಗಡಿ ಕೀಟಗಳ ನೆಂಟ. ಅಣಬೆಯಂತೂ ವಂಶವೃಕ್ಷದಲ್ಲಿ ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರವಾಗಿದ್ದು, ಸಸ್ಯಾಹಾರಿಗಳಿಗೆ ಇದು ತುಸು ಇರಿಸುಮುರಿಸಿನ ಸಂಗತಿ. ವಿದ್ಯಾರ್ಥಿಯಾಗಿದ್ದಾಗ ಡಾರ್ವಿನ್ನರೂ ಕೇಂಬ್ರಿಜ್‌ನಲ್ಲಿ ಅಪರೂಪದ ಪ್ರಾಣಿಪಕ್ಷಿಗಳ ರುಚಿ ನೋಡುವ ಗೆಳೆಯರ ಕೂಟವೊಂದರಲ್ಲಿದ್ದರು. ಗೂಬೆಯ ಮಾಂಸ ತಿಂದ ಮೇಲೆ ಆ ಉತ್ಸಾಹ ಇಳಿಯಿತು.