ಚುನಾವಣೆಗೆ ಮೊದಲಿನ ಚುನಾವಣೆ

ಗದಗಿನಿಂದ ಬಾಗಲಕೋಟೆಯತ್ತ ಸಾಗುವ ರೈಲುದಾರಿಯಲ್ಲಿ, ಮಲಪ್ರಭೆಯ ದಂಡೆಗೆ ಹೊಂದಿಕೊಂಡು ಹೊಳೆಆಲೂರು ಎಂಬ ಊರಿದೆ. ಹೆಸರಿನಲ್ಲಿಯೇ ಹೊಳೆಯನ್ನು ಹೊತ್ತ ಊರು ಅದು. ತಾಲೂಕು ರೋಣ, ಜಿಲ್ಲೆ ಗದಗ. ಆದರೆ ಮತ ಹಾಕುವ ದಿನ ಬಂದಿತೆಂದರೆ ಊರಿನ ನೆಲೆಯೇ ಬೇರೆಯಾಗುತ್ತದೆ. 2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆ ಜಾರಿಗೆ ಬಂದಂದಿನಿಂದ ಇಲ್ಲಿಯವರು ಶಾಸನಸಭೆಗಾಗಿ ಹಾಕುವ ಮತ ನರಗುಂದ ಕ್ಷೇತ್ರಕ್ಕೂ ಲೋಕಸಭೆಗಾಗಿ ಹಾಕುವ ಮತ ಬಾಗಲಕೋಟೆ ಕ್ಷೇತ್ರಕ್ಕೂ ಸಲ್ಲುತ್ತವೆ. ಅದೇ ತಾಲೂಕಿನ ಮುಖ್ಯ ಪಟ್ಟಣವಾದ ರೋಣವಾದರೋ ಲೋಕಸಭೆಯ ಮಟ್ಟಿಗೆ ಹಾವೇರಿಗೆ ಸೇರಿದೆ. ಹೊಲದ ಉತಾರಕ್ಕೆ ಒಂದು ದಿಕ್ಕು, ಮತಕ್ಕೆ ಇನ್ನೊಂದು ದಿಕ್ಕು.

ಈ ಎರಡು ಕ್ಷೇತ್ರಗಳ ಫಲಿತಾಂಶಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸೋಜಿಗ ಕಣ್ಣಿಗೆ ಬೀಳುತ್ತದೆ. 2023ರ ಮೇ 13ರಂದು ಎಣಿಕೆ ಮುಗಿದಾಗ ನರಗುಂದದಲ್ಲಿ ಭಾರತೀಯ ಜನತಾ ಪಕ್ಷದ ಸಿ. ಸಿ. ಪಾಟೀಲರು ಕಾಂಗ್ರೆಸ್ಸಿನ ಬಿ. ಆರ್. ಯಾವಗಲ್ಲರನ್ನು ಕೇವಲ 1,791 ಮತಗಳಿಂದ ಹಿಂದಿಕ್ಕಿದ್ದರು. ರೋಣದಲ್ಲಿ ಕಾಂಗ್ರೆಸ್ಸಿನ ಜಿ. ಎಸ್. ಪಾಟೀಲರು ಭಾರತೀಯ ಜನತಾ ಪಕ್ಷದ ಕಳಕಪ್ಪ ಬಂಡಿಯವರನ್ನು ದೊಡ್ಡ ಅಂತರದಿಂದ ಸೋಲಿಸಿದ್ದರು. ಇದು ಒಂದು ಸಲದ ಮಾತಲ್ಲ. 2008, 2013, 2018, 2023 ಈ ನಾಲ್ಕು ಚುನಾವಣೆಗಳಲ್ಲಿ ನರಗುಂದದಿಂದ ಗೆದ್ದವರು ಸಿ. ಸಿ. ಪಾಟೀಲರು, ಇಲ್ಲವೆ ಯಾವಗಲ್ಲರು. ರೋಣದಿಂದ ಗೆದ್ದವರು ಬಂಡಿಯವರು, ಇಲ್ಲವೆ ಜಿ. ಎಸ್. ಪಾಟೀಲರು. ರೋಣದ ಮತದಾರರು ಪ್ರತಿ ಐದು ವರ್ಷಕ್ಕೊಮ್ಮೆ ತಕ್ಕಡಿಯನ್ನು ಈ ಕಡೆಯಿಂದ ಆ ಕಡೆಗೆ ತೂಗಿಸಿದರು. ಆದರೆ ತಟ್ಟೆಗಳು ಅವೇ ಎರಡು.

ಇದರಲ್ಲಿ ಆ ನಾಲ್ವರ ತಪ್ಪೇನೂ ಇಲ್ಲ. ನಿಲ್ಲುವುದು ಅವರ ಹಕ್ಕು. ಗೆಲ್ಲಿಸುವುದು ಜನರ ಹಕ್ಕು. ಏಳುವ ಪ್ರಶ್ನೆ ಬೇರೆ. ಮತದಾರನು ಯಂತ್ರದ ಗುಂಡಿಯನ್ನು ಒತ್ತುವುದಕ್ಕೆ ಬಹಳ ಮೊದಲೇ, ಆ ಯಂತ್ರದ ಮೇಲೆ ಯಾವ ಹೆಸರುಗಳಿರಬೇಕೆಂಬುದನ್ನು ಯಾರೋ ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಯಾರದು? ಅದರಲ್ಲಿ ಹೊಳೆಆಲೂರಿನಂತಹ ಊರಿನ ಪಾಲೆಷ್ಟು?

ಒಂದು ಕಾಗದದ ಮಹಿಮೆ

ನಮ್ಮ ದೇಶದಲ್ಲಿ ಪಕ್ಷದ ಉಮೇದುವಾರನನ್ನು ಉಮೇದುವಾರನನ್ನಾಗಿ ಮಾಡುವುದು ‘ಬಿ ಫಾರಂ’ ಎಂಬ ಒಂದು ಕಾಗದ. ಪಕ್ಷದ ಪರವಾಗಿ ಸಹಿ ಮಾಡುವ ಅಧಿಕಾರ ಯಾರಿಗಿದೆಯೆಂಬುದನ್ನು ‘ಎ ಫಾರಂ’ ತಿಳಿಸುತ್ತದೆ. ಆ ಅಧಿಕಾರಿ ಯಾರ ಹೆಸರಿಗೆ ಸಹಿ ಮಾಡಿದನೆಂಬುದನ್ನು ‘ಬಿ ಫಾರಂ’ ತಿಳಿಸುತ್ತದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಬೇಕು. ಸೇರಿದರೆ ಪಕ್ಷದ ಚಿಹ್ನೆ. ಸೇರದಿದ್ದರೆ ಮೂವತ್ತು ವರ್ಷ ಪಕ್ಷಕ್ಕೆ ದುಡಿದವನೂ ಪಕ್ಷೇತರನೇ. ಆ ಸಹಿಯ ಹಿಂದೆ ಯಾವ ವಿಚಾರಣೆ ನಡೆಯಿತು, ಯಾರ ಅಭಿಪ್ರಾಯ ಕೇಳಲಾಯಿತು ಎಂಬುದನ್ನು ಚುನಾವಣಾಧಿಕಾರಿ ಕೇಳುವಂತಿಲ್ಲ. ಕೇಳಬೇಕೆಂದು ಕಾನೂನೂ ಹೇಳುವುದಿಲ್ಲ.

2023ರ ಚುನಾವಣೆಗೆ ಮುನ್ನ ಕರ್ನಾಟಕದ ಮೂರು ಪಕ್ಷಗಳೂ ಮೂರು ದಾರಿ ಹಿಡಿದವು. ಜನತಾ ದಳವು 2022ರ ಡಿಸೆಂಬರಿನಲ್ಲಿಯೇ 93 ಹೆಸರುಗಳ ಮೊದಲ ಪಟ್ಟಿಯನ್ನು ಹೊರಡಿಸಿತು. ಕಾಂಗ್ರೆಸ್ಸು ಟಿಕೆಟ್ ಬಯಸುವವರಿಂದ ಅರ್ಜಿ ಕರೆದು, ಅರ್ಜಿಯೊಡನೆ ಎರಡು ಲಕ್ಷ ರೂಪಾಯಿಗಳನ್ನು, ಪರಿಶಿಷ್ಟ ಜಾತಿ ಪಂಗಡದವರಿಂದ ಒಂದು ಲಕ್ಷವನ್ನು ಪಡೆದು, 2023ರ ಮಾರ್ಚ್ 25ರಂದು 124 ಹೆಸರುಗಳನ್ನು ಪ್ರಕಟಿಸಿತು. ಭಾರತೀಯ ಜನತಾ ಪಕ್ಷವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾರ್ಚ್ ಕೊನೆಯ ದಿನ ರಾಜ್ಯದಾದ್ಯಂತ ತನ್ನ ಪದಾಧಿಕಾರಿಗಳಿಂದ ಗುಟ್ಟಿನ ಮತದಾನ ನಡೆಸಿತು. ತಮ್ಮ ಕ್ಷೇತ್ರಕ್ಕೆ ಯಾರು ತಕ್ಕವರೆಂದು ಅವರು ಹೆಸರು ಬರೆದು ಪೆಟ್ಟಿಗೆಗೆ ಹಾಕಿದರು. ರಾಜ್ಯವ್ಯಾಪಿಯಾದ ಒಳಚುನಾವಣೆಗೆ ಕರ್ನಾಟಕವು ಅತ್ಯಂತ ಸಮೀಪಕ್ಕೆ ಬಂದದ್ದು ಅಂದೇ ಎನ್ನಬಹುದು. ಆದರೆ ಯಾವ ಕ್ಷೇತ್ರದಲ್ಲಿ ಯಾರಿಗೆ ಎಷ್ಟು ಮತ ಬಿದ್ದವೆಂಬುದು ಮತ ಹಾಕಿದವರಿಗೂ ತಿಳಿಯಲಿಲ್ಲ. ಏಪ್ರಿಲ್ 11ರಂದು ದಿಲ್ಲಿಯಿಂದ 189 ಹೆಸರುಗಳ ಪಟ್ಟಿ ಹೊರಟಿತು. ಅದರಲ್ಲಿ 52 ಹೊಸ ಮುಖಗಳಿದ್ದವು. ಫಲಿತಾಂಶ ಹೊರಬೀಳದ ಚುನಾವಣೆ ಹೂವು ಬಿಟ್ಟೂ ಕಾಯಿ ಕಟ್ಟದ ಮರದಂತೆ.

ಆ ಪಟ್ಟಿಯ ಫಲವನ್ನು ನೆರೆಹೊರೆಯ ಎರಡು ಕ್ಷೇತ್ರಗಳು ಎರಡು ಬಗೆಯಾಗಿ ಉಂಡವು. ಟಿಕೆಟ್ ತಪ್ಪಿದ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರರು ಕಾಂಗ್ರೆಸ್ಸಿಗೆ ಸೇರಿ ಹುಬ್ಬಳ್ಳಿ–ಧಾರವಾಡ ಕೇಂದ್ರ ಕ್ಷೇತ್ರದಲ್ಲಿ ನಿಂತರು; ಮಹೇಶ ಟೆಂಗಿನಕಾಯಿಯವರ ಎದುರಿಗೆ 34,289 ಮತಗಳಿಂದ ಸೋತರು. ಹಾಗೆಯೇ ಟಿಕೆಟ್ ತಪ್ಪಿ ಕಾಂಗ್ರೆಸ್ಸು ಸೇರಿದ ಲಕ್ಷ್ಮಣ ಸವದಿಯವರು ಅಥಣಿಯಲ್ಲಿ 76,122 ಮತಗಳ ಅಂತರದಿಂದ ಗೆದ್ದರು. ಒಂದು ಕಡೆ ಜನರು ಪಕ್ಷದ ತೀರ್ಮಾನವನ್ನು ಒಪ್ಪಿದರು; ಇನ್ನೊಂದು ಕಡೆ ಅದನ್ನು ತಿರುಗಿಸಿ ಒಗೆದರು. ಮೊದಲೇ ಕೇಳಬಹುದಾಗಿದ್ದ ಮಾತನ್ನು ಎರಡೂ ಕಡೆಗಳಲ್ಲಿ ಕೊನೆಗೆ ಕೇಳಿದಂತಾಯಿತು.

ಬಾಗಲಕೋಟೆಯ ಟಿಕೆಟ್

ಹೊಳೆಆಲೂರಿನವರು ಮತ ಹಾಕುವ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿಯೂ ಈ ಪ್ರಶ್ನೆ ಬೀದಿಗೆ ಬಂದದ್ದುಂಟು. 2019ರಲ್ಲಿ ಅಲ್ಲಿ ಕಾಂಗ್ರೆಸ್ಸಿನಿಂದ ನಿಂತವರು ವೀಣಾ ಕಾಶಪ್ಪನವರ. ಭಾರತೀಯ ಜನತಾ ಪಕ್ಷದ ಪಿ. ಸಿ. ಗದ್ದಿಗೌಡರ ಎದುರಿಗೆ ಅವರು 1,68,187 ಮತಗಳಿಂದ ಸೋತರು. 2024ರಲ್ಲಿ ಆ ಟಿಕೆಟ್ ನೆರೆಯ ವಿಜಯಪುರ ಜಿಲ್ಲೆಯಿಂದ ಬಂದ, ಸಚಿವ ಶಿವಾನಂದ ಪಾಟೀಲರ ಮಗಳಾದ ಸಂಯುಕ್ತಾ ಪಾಟೀಲರಿಗೆ ದೊರೆಯಿತು. ಹಿಂದೆ ಸೋತು ಮತ್ತೆ ಕ್ಷೇತ್ರದಲ್ಲಿ ಓಡಾಡಿದ್ದ ಕಾಶಪ್ಪನವರ ಅವರು ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿದರು. ಜೂನ್ 4ರಂದು ಎಣಿಕೆಯಾದಾಗ ಗದ್ದಿಗೌಡರರು 68,399 ಮತಗಳಿಂದ ಗೆದ್ದು, 2004ರಿಂದ ಸತತವಾಗಿ ಐದನೆಯ ಸಲ ಲೋಕಸಭೆಗೆ ಹೋದರು.

ಹೊಸ ಹುರಿಯಾಳಿನಿಂದ ಸೋಲಿನ ಅಂತರ ಇಳಿಯಿತೆಂದು ಒಬ್ಬರು ಹೇಳಬಹುದು. ಹಳಬರೇ ನಿಂತಿದ್ದರೆ ಗೆಲ್ಲುತ್ತಿದ್ದರೆಂದು ಇನ್ನೊಬ್ಬರು ಹೇಳಬಹುದು. ಎರಡೂ ಊಹೆಯೇ. ಊಹೆಗೆ ಎಡೆಯಿಲ್ಲದಂತೆ ಮಾಡುವ ಒಂದೇ ಉಪಾಯವೆಂದರೆ ಆ ಕ್ಷೇತ್ರದ ಪಕ್ಷದವರನ್ನೇ ಕೇಳಿಬಿಡುವುದು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಅಮೆರಿಕೆಯ ಪದ್ಧತಿ

ಕೇಳುವ ಪದ್ಧತಿ ಅಮೆರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿದೆ. ಅದಕ್ಕೆ ಅಲ್ಲಿ ‘ಪ್ರೈಮರಿ’ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯೂ ಉಮೇದುವಾರರನ್ನು ಆರಿಸುತ್ತಿದ್ದವರು ಪಕ್ಷದ ಯಜಮಾನರೇ. ವಿಸ್ಕಾನ್ಸಿನ್ ಸಂಸ್ಥಾನದ ರಾಜ್ಯಪಾಲ ರಾಬರ್ಟ್ ಲಾ ಫಾಲೆಟ್ ಇದರ ವಿರುದ್ಧ ಬಹುಕಾಲ ಹೋರಾಡಿದನು. 1903ರಲ್ಲಿ ಶಾಸನವಾಯಿತು, 1904ರಲ್ಲಿ ಜನಮತ ಅದನ್ನು ಒಪ್ಪಿತು, 1906ರಲ್ಲಿ ಸಂಸ್ಥಾನದಾದ್ಯಂತ ಮೊದಲ ಪ್ರೈಮರಿ ನಡೆಯಿತು. ಇಂದು ಅಲ್ಲಿ ರಾಜ್ಯಪಾಲನ ಸ್ಥಾನಕ್ಕೆ, ಸಂಸ್ಥಾನದ ಶಾಸನಸಭೆಗೆ, ರಾಷ್ಟ್ರದ ಕಾಂಗ್ರೆಸ್ ಎಂಬ ಸಂಸತ್ತಿಗೆ ಪಕ್ಷದಿಂದ ಯಾರು ನಿಲ್ಲಬೇಕೆಂಬುದನ್ನು ಸಾಮಾನ್ಯವಾಗಿ ಮತದಾರರೇ, ಸರಕಾರ ನಡೆಸುವ ಮತದಾನದಲ್ಲಿ, ಮೊದಲು ತೀರ್ಮಾನಿಸುತ್ತಾರೆ. ದಕ್ಷಿಣದ ಕೆಲವು ಸಂಸ್ಥಾನಗಳಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಮ್ಮೆ ಮತದಾನವಾಗುತ್ತದೆ.

ಈ ಪದ್ಧತಿಯಲ್ಲಿ ಎಷ್ಟು ದೊಡ್ಡ ಮರವೂ ಉರುಳಬಹುದು. 2014ರ ಜೂನ್ 10ರಂದು ವರ್ಜೀನಿಯದಲ್ಲಿ ಕೆಳಮನೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್ ತನ್ನದೇ ಪಕ್ಷದ ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕನಿಗೆ ಸೋತನು. 2018ರಲ್ಲಿ ನ್ಯೂಯಾರ್ಕಿನಲ್ಲಿ ಜೋಸೆಫ್ ಕ್ರೌಲಿ ಎಂಬ ಹಿರಿಯ ಸದಸ್ಯನನ್ನು ಅಲೆಕ್ಸಾಂಡ್ರಿಯ ಒಕಾಸಿಯೊ–ಕೊರ್ಟೆಜ್ ಎಂಬ ಇಪ್ಪತ್ತೆಂಟರ ತರುಣಿ ಸೋಲಿಸಿದಳು. ಯಾವ ಹೈಕಮಾಂಡೂ ಅವರಿಬ್ಬರ ಹೆಸರಿಗೆ ಸಹಿ ಮಾಡಿರಲಿಲ್ಲ.

ಆದರೆ ಈ ನಾಣ್ಯಕ್ಕೂ ಎರಡು ಮುಖಗಳುಂಟು. ಏಳು ಲಕ್ಷದಷ್ಟು ಜನರಿರುವ ಆ ನ್ಯೂಯಾರ್ಕ್ ಕ್ಷೇತ್ರದಲ್ಲಿ ಅಂದು ಇಬ್ಬರಿಗೂ ಸೇರಿ ಬಿದ್ದ ಮತಗಳು ಮೂವತ್ತು ಸಾವಿರಕ್ಕಿಂತ ಕಡಿಮೆ. ಕೆಲವರ ಉತ್ಸಾಹವೇ ಹಲವರ ತೀರ್ಮಾನವಾಗುವ ಭಯ ಇಲ್ಲಿದೆ. ಇದಕ್ಕಿಂತ ಕಹಿಯಾದ ಪಾಠವೂ ಒಂದುಂಟು. ಟೆಕ್ಸಾಸಿನಂತಹ ಸಂಸ್ಥಾನಗಳಲ್ಲಿ ಬಹುಕಾಲ ಡೆಮಾಕ್ರಾಟಿಕ್ ಪಕ್ಷದ ಪ್ರೈಮರಿಯಲ್ಲಿ ಬಿಳಿಯರು ಮಾತ್ರ ಮತ ಹಾಕಬಹುದಾಗಿತ್ತು. ಆ ಪಕ್ಷವೇ ಅಲ್ಲಿ ಸದಾ ಗೆಲ್ಲುತ್ತಿದ್ದುದರಿಂದ, ಕರಿಯರಿಗೆ ಮುಂದಿನ ಚುನಾವಣೆಯಲ್ಲಿ ಮತವಿದ್ದೂ ಇಲ್ಲದಂತಾಗಿತ್ತು. 1944ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು ಇದನ್ನು ಸಂವಿಧಾನಬಾಹಿರವೆಂದು ಸಾರಿತು. ಬಾಗಿಲನ್ನು ತೆರೆದರೆ ಸಾಲದು, ಆ ಬಾಗಿಲಲ್ಲಿ ಯಾರನ್ನು ಒಳಗೆ ಬಿಡುತ್ತಾರೆಂಬುದನ್ನೂ ನೋಡಬೇಕೆಂಬುದು ಜಾತಿಯ ಲೆಕ್ಕ ಬಲ್ಲ ನಮ್ಮ ನಾಡಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಕರ್ನಾಟಕದಲ್ಲಿ ಒಂದು ಪ್ರಯೋಗ

ಅಮೆರಿಕೆಯ ಈ ಬೀಜವನ್ನು ಕನ್ನಡ ನೆಲದಲ್ಲಿ ಬಿತ್ತಿ ನೋಡಿದ್ದೂ ಉಂಟು. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿಯವರ ಯೋಜನೆಯಂತೆ ಕಾಂಗ್ರೆಸ್ಸು ದೇಶದ ಕೆಲವೇ ಕ್ಷೇತ್ರಗಳಲ್ಲಿ ಒಳಚುನಾವಣೆ ನಡೆಸಿತು. ಅವುಗಳಲ್ಲಿ ಎರಡು ಕರ್ನಾಟಕದವು: ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಹಾಗೂ ಸ್ಥಳೀಯ ಸಂಸ್ಥೆಗಳ ಪಕ್ಷದ ಸದಸ್ಯರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿಯವರೂ ದಕ್ಷಿಣ ಕನ್ನಡದಲ್ಲಿ ಬಿ. ಜನಾರ್ದನ ಪೂಜಾರಿಯವರೂ ಆಯ್ಕೆಯಾದರು.

ಆದರೆ ನಿಜವಾದ ಚುನಾವಣೆಯಲ್ಲಿ ಇಬ್ಬರೂ ಸೋತರು. ನಾರಾಯಣಸ್ವಾಮಿಯವರು ಡಿ. ವಿ. ಸದಾನಂದಗೌಡರಿಗೆ 2,29,764 ಮತಗಳಿಂದ, ಪೂಜಾರಿಯವರು ನಳಿನ್ ಕುಮಾರ್ ಕಟೀಲರಿಗೆ 1,43,709 ಮತಗಳಿಂದ. ಪ್ರಯೋಗ ಅಲ್ಲಿಗೇ ತಣ್ಣಗಾಯಿತು. ಆ ವರ್ಷ ದೇಶದಾದ್ಯಂತ ಬೀಸಿದ ಗಾಳಿಯಲ್ಲಿ ಮೇಲಿನವರು ಆರಿಸಿದ ಕಾಂಗ್ರೆಸ್ಸಿಗರೂ ಬಹುಮಂದಿ ಸೋತಿದ್ದರೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ಬೀಜವನ್ನು ಬೈದು ಪ್ರಯೋಜನವಿಲ್ಲವೆಂಬುದು ಎರೆಭೂಮಿಯ ರೈತನಿಗೆ ಗೊತ್ತು. ಪಕ್ಷಗಳಿಗೆ ಗೊತ್ತಿದ್ದಂತೆ ತೋರಲಿಲ್ಲ.

ಸದಸ್ಯನು ಯಾರಿಗೆ ಋಣಿ?

ಇಷ್ಟಕ್ಕೂ ಯಾರು ಆರಿಸಿದರೇನು, ಕೊನೆಗೆ ಮತ ಹಾಕುವವರು ಜನರೇ ಅಲ್ಲವೆ ಎಂದು ಕೇಳುವವರಿದ್ದಾರೆ. ರೋಣ ತಾಲೂಕಿನ ಇತಿಹಾಸವೇ ಇದಕ್ಕೆ ಉತ್ತರ ಕೊಡುತ್ತದೆ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ಕಾಂಗ್ರೆಸ್ ಸದಸ್ಯರಾಗಿದ್ದವರು. ಕರ್ನಾಟಕದ ಏಕೀಕರಣಕ್ಕೆ ಪಕ್ಷದ ಹಿರಿಯರು ಮೀನಮೇಷ ಎಣಿಸುತ್ತಿದ್ದಾಗ, 1953ರಲ್ಲಿ ಅವರು ತಮ್ಮ ಸ್ಥಾನಕ್ಕೆ ರಾಜೀನಾಮೆಯನ್ನಿತ್ತು ಉಪವಾಸಕ್ಕೆ ಕುಳಿತರು. ಪಕ್ಷಕ್ಕಿಂತ ನಾಡು ದೊಡ್ಡದೆಂಬ ನಿಲುವು ಅದು.

1985ರ ಪಕ್ಷಾಂತರ ನಿಷೇಧ ಕಾನೂನಿನ ತರುವಾಯ ಶಾಸಕನ ಕೈ ಇನ್ನಷ್ಟು ಬಿಗಿಯಾಯಿತು. ಸಭೆಯಲ್ಲಿ ಪಕ್ಷದ ಆಜ್ಞೆಯನ್ನು ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಟಿಕೆಟ್ ಕೊಡುವವರೂ ಅವರೇ, ಸಭೆಯಲ್ಲಿ ಕೈ ಎತ್ತಿಸುವವರೂ ಅವರೇ ಆದಾಗ, ಸದಸ್ಯನ ಕಣ್ಣು ಕ್ಷೇತ್ರದ ಕಡೆಗಿಂತ ರಾಜಧಾನಿಯ ಕಡೆಗೇ ಹೊರಳುವುದು ಸಹಜ. ಹೊಳೆಆಲೂರಿನಂತಹ ಊರಿಗೆ ಇದು ಪುಸ್ತಕದ ಚರ್ಚೆಯಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿತು; ಅದೇ ಹೊಳೆ ಬೇಸಗೆಯಲ್ಲಿ ಮರಳು ಕಾಣಿಸುತ್ತದೆ. ಮಹಾದಾಯಿಯ ನೀರನ್ನು ಮಲಪ್ರಭೆಗೆ ತರಬೇಕೆಂದು ನರಗುಂದದ ರೈತರು 2015ರ ಜುಲೈನಲ್ಲಿ ಧರಣಿಗೆ ಕುಳಿತರು. 2018ರಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿತು. ಇಂತಹ ವಿಷಯದಲ್ಲಿ ಮೂರು ರಾಜ್ಯಗಳ ಹಿತವನ್ನು ತೂಗಬೇಕಾದ ರಾಷ್ಟ್ರೀಯ ಪಕ್ಷವೊಂದು ಒಂದು ಮಾತು ಹೇಳಿ, ಕ್ಷೇತ್ರದ ಜನರು ಇನ್ನೊಂದು ಮಾತು ಹೇಳಿದರೆ, ಪ್ರತಿನಿಧಿಯು ಯಾರ ಮಾತನ್ನು ಕೇಳಬೇಕು? ತನ್ನನ್ನು ಆರಿಸಿದವರ ಮಾತನ್ನೇ. ಆರಿಸಿದವರು ಯಾರೆಂಬ ಪ್ರಶ್ನೆಯೇ ಆದುದರಿಂದ ಮುಖ್ಯವಾಗುತ್ತದೆ.

ಮುಂದಿನ ದಾರಿ

ಪಕ್ಷಗಳ ಒಳಗೂ ಪ್ರಜಾಪ್ರಭುತ್ವವಿರಬೇಕೆಂದು ಕಾನೂನು ಆಯೋಗವು 1999ರ ತನ್ನ 170ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು. ಜರ್ಮನಿಯಲ್ಲಿ ಉಮೇದುವಾರರನ್ನು ಪಕ್ಷದ ಸದಸ್ಯರು ಗುಟ್ಟಿನ ಮತದಿಂದಲೇ ಆರಿಸಬೇಕೆಂದು ಶಾಸನವಿದೆ. ನಮ್ಮಲ್ಲಿ ಮತದಾರನಿಗೆ 2013ರಲ್ಲಿ ‘ನೋಟಾ’ ದೊರೆಯಿತು. ಅದರಿಂದ ಬಂದವರನ್ನು ಬೇಡವೆನ್ನಬಹುದೇ ಹೊರತು ಬೇಕಾದವರನ್ನು ಕರೆಯಲಾಗದು.

ಊರವರೇ ಆರಿಸಿದರೆ ಎಲ್ಲವೂ ಸರಿಹೋದೀತೆಂಬ ಭ್ರಮೆಯೂ ಬೇಡ. ಗ್ರಾಮ ಪಂಚಾಯತಿಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯಿಲ್ಲ, ಬಿ ಫಾರಂ ಇಲ್ಲ; ಊರಿನ ಕಟ್ಟೆಯೇ ಹೈಕಮಾಂಡು. ಆದರೂ 2020ರ ಚುನಾವಣೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳು ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂದಿತ್ತು. ಹಣ, ಜಾತಿ, ಮನೆತನಗಳು ದಿಲ್ಲಿಯ ದಾರಿಯನ್ನು ಬಲ್ಲಂತೆ ಹಳ್ಳಿಯ ದಾರಿಯನ್ನೂ ಬಲ್ಲವು. ಅಂತರವೊಂದೇ: ಹಳ್ಳಿಯ ಕಟ್ಟೆಯ ಮೇಲೆ ನಡೆದದ್ದು ಹತ್ತು ಜನರ ಕಣ್ಣಿಗೆ ಬೀಳುತ್ತದೆ, ಬಿದ್ದುದರಿಂದ ಅದನ್ನು ತಡೆಯಲೂ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ನಡೆದದ್ದು ಪಟ್ಟಿಯಾಗಿ ಹೊರಬಿದ್ದ ಮೇಲೆಯೇ ತಿಳಿಯುತ್ತದೆ.

ಒಮ್ಮೆಗೇ ಅಮೆರಿಕೆಯನ್ನು ಇಲ್ಲಿ ತಂದು ನಿಲ್ಲಿಸಬೇಕಾಗಿಲ್ಲ. ಪಕ್ಷಗಳು ಈಗಾಗಲೇ ಮಾಡಿ ನೋಡಿದ್ದನ್ನು ಪೂರ್ತಿ ಮಾಡಿದರೆ ಸಾಕು: ಪದಾಧಿಕಾರಿಗಳ ಬದಲು ಸದಸ್ಯರೆಲ್ಲರ ಮತ, ಮತದ ಎಣಿಕೆ, ಎಣಿಕೆಯ ಪ್ರಕಟಣೆ. ಮೇಲಿನವರು ಆ ತೀರ್ಪನ್ನು ಬದಲಿಸುವುದಾದರೆ ಬದಲಿಸಿದ ಕಾರಣವನ್ನೂ ಹೇಳಲಿ. ನರಗುಂದದಲ್ಲಿ 1,791 ಮತಗಳು ಒಬ್ಬರ ಸೋಲುಗೆಲುವನ್ನು ತೀರ್ಮಾನಿಸಿದವು. ಅಷ್ಟು ಬೆಲೆಯುಳ್ಳ ಮತಕ್ಕೆ ಇನ್ನೂ ಒಂದು ತಿಂಗಳು ಮೊದಲೇ, ಹೆಸರುಗಳು ಗೊತ್ತಾಗುವ ಹೊತ್ತಿನಲ್ಲಿಯೇ, ಬೆಲೆ ಬರುವುದಾದರೆ ಅದರಿಂದ ಯಾವ ಪಕ್ಷಕ್ಕೂ ನಷ್ಟವಿಲ್ಲ, ಪ್ರಜೆಗಂತೂ ಲಾಭವೇ.